ತಾವರೆಯ ಗುಣವೂ ಕೆರೆಯ ಗುಣವೂ

ಶಿವಪೂಜೆಗೆ ಸಲ್ಲುವ ಪುಷ್ಪಗಳಲ್ಲಿ ತಾವರೆಗಿರುವ ಸ್ಥಾನವನ್ನು ಈ ಪತ್ರಿಕೆಯ ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಸಹಸ್ರ ಕಮಲಗಳಿಂದ ಶಿವನನ್ನು ಅರ್ಚಿಸಲು ಕುಳಿತ ವಿಷ್ಣುವು ಒಂದು ಹೂ ಕಡಿಮೆ ಬಿದ್ದಾಗ ತನ್ನ ಕಣ್ಣನ್ನೇ ಅರ್ಪಿಸಿದನೆಂಬ ಪುರಾಣಕಥೆ ಎಲ್ಲರಿಗೂ ತಿಳಿದದ್ದು. ಪಂಪಾಕ್ಷೇತ್ರದ ವಿರೂಪಾಕ್ಷನ ಪರಮಭಕ್ತನಾದ ಹರಿಹರ ಕವಿಯು ಶಿವನಿಗಾಗಿ ಹೂಗಳನ್ನು ಆಯ್ದು ತರುವ ಕಾಯಕವನ್ನೇ ವಸ್ತುವನ್ನಾಗಿ ಮಾಡಿಕೊಂಡು ‘ಪುಷ್ಪರಗಳೆ’ಯನ್ನು ರಚಿಸಿದನು. ಬಸವಣ್ಣನವರ ಪ್ರಸಿದ್ಧ ವಚನವೊಂದರಲ್ಲಿ ಚಕೋರ ಭ್ರಮರಗಳ ಜೊತೆಗೆ ಅಂಬುಜವೂ ಬಂದು ಭಕ್ತನ ಹಂಬಲಕ್ಕೆ ಉಪಮಾನವಾಗಿ ನಿಂತಿದೆ. ಷಟ್‌ಸ್ಥಲ ಶಾಸ್ತ್ರದಲ್ಲಿಯಂತೂ ಆಧಾರದಿಂದ ಆಜ್ಞೆಯವರೆಗಿನ ಆರು ಚಕ್ರಗಳು ಕ್ರಮವಾಗಿ 4, 6, 10, 12, 16 ಮತ್ತು 2 ಎಸಳುಗಳ ಕಮಲಗಳಾಗಿದ್ದು, ಆಚಾರಲಿಂಗ ಮೊದಲಾಗಿ ಮಹಾಲಿಂಗ ಕಡೆಯಾದ ಷಡ್ವಿಧ ಲಿಂಗಗಳಿಗೆ ನೆಲೆಯಾಗಿವೆ. ಹೀಗೆ ತಾವರೆಯು ನಮಗೆ ಹೊರಗಿನ ಹೂವೂ ಹೌದು, ಒಳಗಿನ ಹೂವೂ ಹೌದು.

ಈಚಿನ ವರ್ಷಗಳಲ್ಲಿ ತಾವರೆಯ ಮಾತು ಪೂಜೆಯ ಮನೆಯಿಂದ ಔಷಧದ ಅಂಗಡಿಗೂ ಬಂದಿದೆ. ಅದರ ಎಲೆಯ ಚಹ, ಬೀಜದ ಪುಡಿ, ಗೆಡ್ಡೆಯ ಹಿಟ್ಟು ಇವೆಲ್ಲ ಪೊಟ್ಟಣಗಳಾಗಿ ಮಾರಾಟವಾಗುತ್ತಿವೆ. ಕೆಲವು ತಿಂಗಳ ಹಿಂದೆ ಶಿವಾನುಭವ ಗೋಷ್ಠಿ ಮುಗಿದ ಮೇಲೆ, ಬಹುಕಾಲದಿಂದ ಸಕ್ಕರೆ ರೋಗದಿಂದ ಬಳಲುತ್ತಿರುವ ಹಿರಿಯ ಭಕ್ತರೊಬ್ಬರು ಒಂದು ಪೊಟ್ಟಣವನ್ನು ನನ್ನ ಕೈಯಲ್ಲಿಟ್ಟು, “ಮಾಸ್ತರ್ರೀ, ಇದು ಶಿವನ ಹೂವಿನ ಬೀಜ ಅಂತ. ಇದನ್ನ ತಿಂದ್ರ ಗುಳಿಗಿ ಬಿಡಬಹುದು ಅಂತಾರ. ಬಿಡ್ಲೇನ್ರಿ?” ಎಂದು ಕೇಳಿದರು. ಗುಳಿಗೆಯನ್ನು ಬಿಡಬೇಡಿರೆಂದು ಆಗಲೇ ಹೇಳಿದೆನು. ಆದರೆ ಅವರ ಪ್ರಶ್ನೆಗೆ ಪೂರ್ಣವಾದ ಉತ್ತರ ಅಷ್ಟರಲ್ಲಿ ಮುಗಿಯುವಂತಹುದಲ್ಲ. ತಾವರೆಯಲ್ಲಿ ನಿಜವಾಗಿ ಏನಿದೆ, ಅದರಿಂದ ದೇಹಕ್ಕೆ ಎಷ್ಟು ಹಿತ, ಆ ಹಿತವು ಯಾವುದನ್ನು ಅವಲಂಬಿಸಿದೆ ಎಂಬುದನ್ನು ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯನ್ನು ಕಣ್ಣ ಮುಂದಿಟ್ಟುಕೊಂಡು ವಿವೇಚಿಸುವುದೇ ಈ ಲೇಖನದ ಉದ್ದೇಶ.

ತಾವರೆ ಯಾವುದು, ನೈದಿಲೆ ಯಾವುದು

ಮೊದಲು ಹೆಸರಿನ ಗೊಂದಲವನ್ನು ಕಳೆದುಕೊಳ್ಳಬೇಕು. ಕಮಲ, ಪದ್ಮ, ಅರವಿಂದ, ಸರೋಜ, ಅಂಬುಜ, ಪಂಕಜ ಇವೆಲ್ಲ ತಾವರೆಯ ಪರ್ಯಾಯಗಳು. ಬಿಳಿಯದು ಪುಂಡರೀಕ, ಕೆಂಪಿನದು ಕೋಕನದ. ಕೆಸರಿನಲ್ಲಿ ಹುಟ್ಟುವುದು ಎಷ್ಟೋ ಇದ್ದರೂ ‘ಪಂಕಜ’ವೆಂಬ ಮಾತು ತಾವರೆಗೊಂದಕ್ಕೇ ರೂಢಿಯಾಯಿತು. ಯೋಗರೂಢಿ ಶಬ್ದಕ್ಕೆ ವೈಯಾಕರಣರು ಇದನ್ನೇ ಉದಾಹರಣೆಯಾಗಿ ಕೊಡುವುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ಕುಮುದ, ಉತ್ಪಲ, ಕುವಲಯಗಳು ನೈದಿಲೆಯ ಬಳಗಕ್ಕೆ ಸೇರಿದವು. ಕವಿಗಳು ಈ ಭೇದವನ್ನು ಚೆನ್ನಾಗಿ ಅರಿತಿದ್ದರು. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡವು ಪಂಪೆಯ ತಡಿಯಲ್ಲಿಯೇ ಆರಂಭವಾಗುತ್ತದೆ. ಅಲ್ಲಿ ಪದ್ಮ ಮತ್ತು ಉತ್ಪಲಗಳೆರಡೂ ಬೇರೆ ಬೇರೆಯಾಗಿ ಉಕ್ತವಾಗಿವೆ. ಆ ಪಂಪೆಯೆಂದು ಜನರು ನಂಬಿ ಪೂಜಿಸುವ ಪಂಪಾಸರೋವರವು ಗಂಗಾವತಿ ತಾಲ್ಲೂಕಿನಲ್ಲಿ ಆನೆಗೊಂದಿಯ ಸಮೀಪದ ಬೆಟ್ಟಗಳ ನಡುವೆ ಇದ್ದು, ಬಹುಕಾಲದಿಂದ ತಾವರೆಗೆ ಹೆಸರಾಗಿದೆ.

ಗುರುತಿಸುವ ಬಗೆ ಸುಲಭ. ಬಲಿತ ತಾವರೆಯ ಎಲೆಯು ನೀರಿನಿಂದ ಮೇಲೆದ್ದು ಕೊಡೆಯಂತೆ ದುಂಡಾಗಿ ನಿಲ್ಲುತ್ತದೆ, ಅಂಚಿನಲ್ಲಿ ಸೀಳಿರುವುದಿಲ್ಲ. ನೈದಿಲೆಯ ಎಲೆಯು ನೀರಿನ ಮೇಲೆ ಮಲಗಿರುತ್ತದೆ, ತೊಟ್ಟಿನವರೆಗೆ ಸೀಳಿರುತ್ತದೆ. ತಾವರೆಯ ನಡುವೆ ಜೇನುಹುಟ್ಟಿನಂತೆ ಕುಳಿಗಳುಳ್ಳ ಕರ್ಣಿಕೆಯಿದ್ದು ಬೀಜಗಳು ಅದರೊಳಗೆ ಕೂಡುತ್ತವೆ. ನೈದಿಲೆಗೆ ಇಂತಹ ಕರ್ಣಿಕೆಯಿಲ್ಲ. ಸಸ್ಯಶಾಸ್ತ್ರಜ್ಞರು ತಾವರೆಯನ್ನು ‘ನೆಲುಂಬೊ ನ್ಯೂಸಿಫೆರಾ’ ಎಂದು ಕರೆಯುತ್ತಾರೆ. ಹಿಂದೆ ಅದನ್ನು ನೈದಿಲೆಯ ಕುಟುಂಬದಲ್ಲಿಯೇ ಸೇರಿಸಿದ್ದರು. ವಂಶವಾಹಿಗಳನ್ನು ಪರಿಶೀಲಿಸಿದ ಮೇಲೆ, ಇವೆರಡೂ ದೂರದ ಕುಲಗಳೆಂದೂ ನೀರಿನಲ್ಲಿ ಬಾಳುವುದರಿಂದ ಮಾತ್ರ ಹೋಲುತ್ತವೆಂದೂ ನಿಶ್ಚಯವಾಗಿದೆ. ಇದು ಭಾರತದ ರಾಷ್ಟ್ರಪುಷ್ಪ. ಕರ್ನಾಟಕದ ರಾಜ್ಯಪುಷ್ಪವೂ ಇದೇ.

ಆ ಹಿರಿಯರ ಪೊಟ್ಟಣದಲ್ಲಿದ್ದುದು ಅರಳಿನಂತೆ ಹುರಿದು ಉಬ್ಬಿಸಿದ ಬಿಳಿಯ ‘ಮಖಾನ’. ನಮ್ಮ ಅಂಗಡಿಗಳಲ್ಲಿ ಇದನ್ನು ತಾವರೆ ಬೀಜವೆಂದೇ ಮಾರುವುದುಂಟು. ವಾಸ್ತವವಾಗಿ ಅದು ‘ಯೂರಿಯಾಲೆ ಫೆರಾಕ್ಸ್’ ಎಂಬ, ಎಲೆಯ ತುಂಬ ಮುಳ್ಳುಗಳಿರುವ, ನೈದಿಲೆಯ ಕುಟುಂಬದ ಬೇರೊಂದು ಗಿಡದ ಬೀಜ. ಬಿಹಾರದ ಮಿಥಿಲೆಯ ಮಖಾನಕ್ಕೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಅದು ಒಳ್ಳೆಯ ಆಹಾರವೇ. ಆದರೆ ತಾವರೆಯ ಮೇಲೆ ನಡೆದ ಸಂಶೋಧನೆಯ ಫಲವನ್ನು ಅದಕ್ಕೆ ಅಂಟಿಸುವುದು ತಪ್ಪು. ನಿಜವಾದ ತಾವರೆ ಬೀಜವು ಕಪ್ಪಾದ, ಕಲ್ಲಿನಂತೆ ಗಟ್ಟಿಯಾದ ಸಿಪ್ಪೆಯುಳ್ಳದ್ದು. ಕಮಲಾಕ್ಷಿ ಮಣಿಮಾಲೆಯನ್ನು ಅದರಿಂದಲೇ ಪೋಣಿಸುತ್ತಾರೆ.

ಉತ್ಕರ್ಷಣವೆಂದರೇನು

ತಾವರೆಯ ಹಿರಿಮೆಯನ್ನು ಹೇಳುವವರೆಲ್ಲ ಅದರಲ್ಲಿ ‘ಆಂಟಿಆಕ್ಸಿಡೆಂಟ್’ ಇದೆಯೆನ್ನುತ್ತಾರೆ. ಶಾಲೆಯ ವಿಜ್ಞಾನದಲ್ಲಿ ಇದನ್ನು ಉತ್ಕರ್ಷಣ-ನಿರೋಧಕವೆಂದು ಕರೆಯುತ್ತಾರೆ. ಇದರ ಅರ್ಥವನ್ನು ಅಡುಗೆಮನೆಯಲ್ಲಿಯೇ ಕಾಣಬಹುದು. ಬದನೆಕಾಯಿಯನ್ನು ಹೆಚ್ಚಿಟ್ಟರೆ ಕೊಂಚ ಹೊತ್ತಿನಲ್ಲಿ ಕಪ್ಪಾಗುತ್ತದೆ. ಗಾಳಿಯಲ್ಲಿನ ಆಮ್ಲಜನಕವು ಕಾಯಿಯೊಳಗಿನ ದ್ರವ್ಯಗಳೊಡನೆ ಕೂಡುವುದೇ ಇದಕ್ಕೆ ಕಾರಣ. ನಿಂಬೆರಸ ಹಿಂಡಿದರೆ ಕಪ್ಪಾಗುವುದು ನಿಧಾನವಾಗುತ್ತದೆ. ಕಬ್ಬಿಣ ತುಕ್ಕು ಹಿಡಿಯುವುದೂ ಎಣ್ಣೆ ಮಕ್ಕು ವಾಸನೆ ಬರುವುದೂ ಇದೇ ಜಾತಿಯ ಕ್ರಿಯೆಗಳು.

ನಮ್ಮ ದೇಹದಲ್ಲಿಯೂ ಈ ಕ್ರಿಯೆ ಸದಾ ನಡೆಯುತ್ತಿರುತ್ತದೆ. ಉಸಿರಾಡಿದ ಆಮ್ಲಜನಕದಿಂದ ಅನ್ನವನ್ನು ಶಕ್ತಿಯಾಗಿ ಮಾರ್ಪಡಿಸುವಾಗ, ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನುಳ್ಳ ಕೆಲವು ಕಣಗಳು ಹುಟ್ಟುತ್ತವೆ. ಇವುಗಳಿಗೆ ಮುಕ್ತ ರ‍್ಯಾಡಿಕಲ್‌ಗಳೆಂದು ಹೆಸರು. ಇವು ಪಕ್ಕದ ಅಣುವಿನಿಂದ ಎಲೆಕ್ಟ್ರಾನನ್ನು ಕಸಿದು ಅದನ್ನು ಕೆಡಿಸುತ್ತವೆ. ಕೆಟ್ಟದ್ದು ಮತ್ತೊಂದನ್ನು ಕೆಡಿಸುತ್ತದೆ. ಉತ್ಕರ್ಷಣ-ನಿರೋಧಕವಾದರೋ ತನ್ನ ಎಲೆಕ್ಟ್ರಾನನ್ನು ತಾನೇ ಕೊಟ್ಟು, ತಾನು ಸ್ಥಿರವಾಗಿ ಉಳಿದು, ಈ ಸರಪಳಿಯನ್ನು ತುಂಡರಿಸುತ್ತದೆ. ದೇಹವು ಇಂತಹ ಕಾವಲನ್ನು ತನ್ನ ಕಿಣ್ವಗಳಿಂದ ತಾನೇ ಏರ್ಪಡಿಸಿಕೊಂಡಿದೆ. ತರಕಾರಿ ಹಣ್ಣು ಕಾಳುಗಳಿಂದ ಅದಕ್ಕೆ ನೆರವು ದೊರೆಯುತ್ತದೆ. ಇನ್ನೊಂದು ಮಾತನ್ನೂ ನೆನಪಿಡಬೇಕು. ರೋಗಾಣುಗಳನ್ನು ಕೊಲ್ಲಲು ರಕ್ತದ ಬಿಳಿಯ ಕಣಗಳು ಈ ಉಗ್ರ ಕಣಗಳನ್ನೇ ಆಯುಧವಾಗಿ ಬಳಸುತ್ತವೆ. ಆದುದರಿಂದ ಅವುಗಳನ್ನು ಸಂಪೂರ್ಣ ಇಲ್ಲವಾಗಿಸುವುದು ಆರೋಗ್ಯವಲ್ಲ, ಸಮತೋಲವೇ ಆರೋಗ್ಯ.

ತಾವರೆಗೆ ಈ ದ್ರವ್ಯಗಳೇಕೆ ಬೇಕಾದವು? ಅದರ ಎಲೆ ಹೂಗಳು ದಿನವಿಡೀ ಬಿರುಬಿಸಿಲಿನಲ್ಲಿರುತ್ತವೆ. ಗೆಡ್ಡೆಯಾದರೋ ಗಾಳಿಯಿಲ್ಲದ ಕೆಸರಿನಲ್ಲಿ ಹೂತಿರುತ್ತದೆ. ಗೆಡ್ಡೆಯನ್ನು ಅಡ್ಡಲಾಗಿ ಕೊಯ್ದಾಗ ಕಾಣುವ ಸುಂದರವಾದ ರಂಧ್ರಗಳು, ಎಲೆಯಿಂದ ಗಾಳಿಯನ್ನು ಕೆಳಕ್ಕೊಯ್ಯುವ ನಾಳಗಳು. ಬಿಸಿಲು, ಕೀಟ, ಕೊಳೆತ ಇವುಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಸಸ್ಯವು ಅನೇಕ ದ್ರವ್ಯಗಳನ್ನು ಸಿದ್ಧಪಡಿಸಿಕೊಳ್ಳುತ್ತದೆ. ನಾವು ಔಷಧವೆನ್ನುವುದು ಮೊದಲು ಅದರ ಸ್ವಂತ ರಕ್ಷಾಕವಚ.

ಯಾವ ಭಾಗದಲ್ಲಿ ಏನಿದೆ

ಎಲೆ: ಕ್ವೆರ್ಸೆಟಿನ್ ಎಂಬ ಫ್ಲೇವನಾಯ್ಡ್ ವರ್ಗದ ದ್ರವ್ಯವು ಹಲವು ರೂಪಗಳಲ್ಲಿ ಎಲೆಯಲ್ಲಿ ದೊರೆಯುತ್ತದೆ. ಇದೇ ದ್ರವ್ಯ ನಮ್ಮ ಉಳ್ಳಾಗಡ್ಡಿಯಲ್ಲಿಯೂ ಹೇರಳವಾಗಿದೆಯೆಂಬುದು ಗಮನಾರ್ಹ. ಇದಲ್ಲದೆ ‘ನ್ಯೂಸಿಫೆರಿನ್’ ಎಂಬ ಆಲ್ಕಲಾಯ್ಡ್ ಎಲೆಯಲ್ಲಿದೆ. ತಾವರೆಯ ಶಾಸ್ತ್ರೀಯ ನಾಮದಿಂದಲೇ ಇದಕ್ಕೆ ಹೆಸರು ಬಂದಿದೆ.

ಹೂ: ಕೆಂಪು ತಾವರೆಯ ಎಸಳಿಗೆ ಬಣ್ಣ ಕೊಡುವುದು ಆಂಥೊಸಯನಿನ್. ನೇರಳೆ ಹಣ್ಣಿನ ಬಣ್ಣವೂ ಇದೇ ವರ್ಗದ್ದು. ಕೇಸರಗಳಲ್ಲಿ ಕೆಂಪ್‌ಫೆರಾಲ್ ಮತ್ತು ಅದರ ಸಂಬಂಧಿಗಳಿವೆ. ಹೂವಿನ ವಿಷಯದಲ್ಲಿ ಇನ್ನೊಂದು ವಿಸ್ಮಯವುಂಟು. ಹೊರಗಿನ ಹವೆ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೂ ಅರಳುತ್ತಿರುವ ತಾವರೆಯು ತನ್ನ ಒಡಲನ್ನು 30ರಿಂದ 36 ಡಿಗ್ರಿಯ ಬೆಚ್ಚಗಿನಲ್ಲಿ ಇಟ್ಟುಕೊಳ್ಳುತ್ತದೆಂದು 1996ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಸೂರ್ಯನಿಗಾಗಿ ಕಾಯುವ ಹೂ ತನ್ನೊಳಗೂ ಒಂದು ಕಾವನ್ನು ಇಟ್ಟುಕೊಂಡಿದೆಯೆಂದಾಯಿತು.

ಬೀಜ: ಒಣಗಿದ 100 ಗ್ರಾಂ ಬೀಜದಲ್ಲಿ ಸುಮಾರು 15 ಗ್ರಾಂ ಸಸಾರಜನಕ, 64 ಗ್ರಾಂ ಶರ್ಕರಪಿಷ್ಟ, 2 ಗ್ರಾಂ ಕೊಬ್ಬು ಇವೆ. ಬೀಜದ ಒಳಗಿನ ಹಸಿರು ಮೊಳಕೆ ಬಹು ಕಹಿ. ತಿನ್ನುವಾಗ ಅದನ್ನು ತೆಗೆದುಹಾಕುತ್ತಾರೆ. ಆ ಕಹಿಗೆ ಲಿಯೆನ್ಸಿನಿನ್, ನೆಫೆರಿನ್ ಮೊದಲಾದ ಆಲ್ಕಲಾಯ್ಡ್‌ಗಳು ಕಾರಣ. ಚೀನದ ಕೆರೆಯೊಂದು ಒಣಗಿದ ನೆಲದಲ್ಲಿ ಸಿಕ್ಕ, ಸುಮಾರು 1300 ವರ್ಷ ಹಳೆಯದಾದ ತಾವರೆ ಬೀಜವು ಮೊಳೆತ ಸಂಗತಿ 1995ರಲ್ಲಿ ಪ್ರಕಟವಾಯಿತು. ಬಸವಣ್ಣನವರ ಕಾಲಕ್ಕಿಂತ ಶತಮಾನಗಳ ಹಿಂದಿನ ಬೀಜವದು. ನೀರು ಗಾಳಿಗಳನ್ನು ಒಳಗೆ ಬಿಡದ ಸಿಪ್ಪೆ, ಕೆಟ್ಟ ಪ್ರೋಟೀನನ್ನು ಸರಿಪಡಿಸುವ ಕಿಣ್ವ ಇವು ಅದರ ದೀರ್ಘಾಯುಷ್ಯಕ್ಕೆ ಕಾರಣವೆಂದು ತಿಳಿಯಲಾಗಿದೆ.

ಗೆಡ್ಡೆ: 100 ಗ್ರಾಂ ಹಸಿ ಗೆಡ್ಡೆಯಲ್ಲಿ ಸುಮಾರು 17 ಗ್ರಾಂ ಶರ್ಕರಪಿಷ್ಟ, 5 ಗ್ರಾಂ ನಾರು, 44 ಮಿಲಿಗ್ರಾಂ ಸಿ ಜೀವಸತ್ವ ಮತ್ತು 550 ಮಿಲಿಗ್ರಾಂಗೂ ಹೆಚ್ಚು ಪೊಟ್ಯಾಸಿಯಂ ಇವೆ. ಬೇಯಿಸಿದರೆ ಸಿ ಜೀವಸತ್ವವು 27 ಮಿಲಿಗ್ರಾಂನಷ್ಟಕ್ಕೆ ಇಳಿಯುತ್ತದೆ. ಕೊಯ್ದ ಗೆಡ್ಡೆ ಕಂದುಬಣ್ಣಕ್ಕೆ ತಿರುಗುವುದು ಅದರಲ್ಲಿರುವ ಪಾಲಿಫೀನಾಲ್‌ಗಳಿಂದ. ಉತ್ಕರ್ಷಣ-ನಿರೋಧಕಗಳೆಂದು ಕೊಂಡಾಡುವುದೂ ಇವುಗಳನ್ನೇ. ಗೆಡ್ಡೆಯನ್ನು ಮುರಿದಾಗ ಎಳೆಯೆಳೆಯಾಗಿ ಬರುವ ಬಿಸತಂತುವು ನೀರನ್ನು ಸಾಗಿಸುವ ನಾಳಗಳ ಸುರುಳಿ. ಸುಷುಮ್ನೆಯ ಸೂಕ್ಷ್ಮತೆಗೆ ಯೋಗಶಾಸ್ತ್ರಗಳು ಹೋಲಿಕೆ ಕೊಡುವುದು ಇದನ್ನೇ.

ನಮ್ಮ ಪ್ರಾಚೀನ ವೈದ್ಯರು ಈ ದ್ರವ್ಯಗಳ ಹೆಸರನ್ನು ಹೇಳದಿದ್ದರೂ ಸಸ್ಯದ ಗುಣವನ್ನು ಪರಿಶೀಲಿಸಿದ್ದರು. ಚರಕಸಂಹಿತೆಯ ಮೂತ್ರವಿರಜನೀಯ ಗಣದ ಹತ್ತು ದ್ರವ್ಯಗಳಲ್ಲಿ ಪದ್ಮ, ಉತ್ಪಲ, ನಳಿನ, ಕುಮುದ, ಸೌಗಂಧಿಕ, ಪುಂಡರೀಕ, ಶತಪತ್ರ ಎಂಬ ಏಳು ತಾವರೆ-ನೈದಿಲೆಗಳ ಬಳಗದವೇ ಆಗಿವೆ. ಶೀತಲ, ಪಿತ್ತಹರ, ದಾಹಶಾಮಕವೆಂಬುದು ಆಯುರ್ವೇದದ ಅಭಿಪ್ರಾಯ. ಕೇಸರಕ್ಕೆ ರಕ್ತಸ್ರಾವವನ್ನು ತಡೆಯುವ ಗುಣವನ್ನು ಹೇಳಿದ್ದಾರೆ. ಮಕ್ಕಳಿಗೆ ಕೊಡುವ ಅರವಿಂದಾಸವದ ಹೆಸರೇ ತಾವರೆಯಿಂದ ಬಂದಿದೆ.

ಎಷ್ಟು ನಂಬಬೇಕು

ಇಷ್ಟನ್ನು ಓದಿದವರು ತಾವರೆಯೇ ಸರ್ವರೋಗಕ್ಕೆ ಮದ್ದೆಂದು ಭಾವಿಸಬಾರದು. ಪ್ರಯೋಗಶಾಲೆಯಲ್ಲಿ ನೇರಳೆ ಬಣ್ಣದ ಒಂದು ರಾಸಾಯನಿಕಕ್ಕೆ ಸಸ್ಯದ ಸತ್ವವನ್ನು ಹಾಕಿ, ಬಣ್ಣ ಎಷ್ಟು ಮಾಸಿತೆಂಬುದರಿಂದ ಅದರ ನಿರೋಧಕ ಶಕ್ತಿಯನ್ನು ಅಳೆಯುತ್ತಾರೆ. ತಾವರೆಯ ಎಲೆ, ಕೇಸರ, ಗೆಡ್ಡೆಗಳೆಲ್ಲ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಿವೆ. ಆದರೆ ಗಾಜಿನ ನಳಿಕೆ ಬೇರೆ, ಮನುಷ್ಯನ ಒಡಲು ಬೇರೆ. ತಿಂದದ್ದರಲ್ಲಿ ಸ್ವಲ್ಪ ಭಾಗ ಮಾತ್ರ ಕರುಳಿನಿಂದ ರಕ್ತಕ್ಕೆ ಹೋಗುತ್ತದೆ. ಹೋದದ್ದೂ ಯಕೃತ್ತಿನಲ್ಲಿ ಮಾರ್ಪಡುತ್ತದೆ. ಇಲಿಗಳಲ್ಲಿ ರಕ್ತದ ಸಕ್ಕರೆ, ಕೊಬ್ಬು ಕಡಿಮೆಯಾದ ವರದಿಗಳು ಹಲವು ಇವೆ. ಮನುಷ್ಯರಲ್ಲಿ ದೀರ್ಘಕಾಲ ನಡೆದ ದೊಡ್ಡ ಪರೀಕ್ಷೆಗಳು ಇಲ್ಲವೆನ್ನುವಷ್ಟು ವಿರಳ.

ಉತ್ಕರ್ಷಣ-ನಿರೋಧಕವನ್ನು ಆಹಾರದಿಂದ ಬೇರ್ಪಡಿಸಿ ಗುಳಿಗೆಯಾಗಿ ಕೊಟ್ಟಾಗ ಏನಾಯಿತೆಂಬುದಕ್ಕೆ ಫಿನ್‌ಲೆಂಡ್ ದೇಶದ ಅನುಭವ ಸಾಕ್ಷಿಯಾಗಿದೆ. ಧೂಮಪಾನಿಗಳಾದ ಸುಮಾರು 29,000 ಪುರುಷರಲ್ಲಿ ಕೆಲವರಿಗೆ ಗಜ್ಜರಿಯ ಬಣ್ಣಕ್ಕೆ ಕಾರಣವಾದ ಬೀಟಾ-ಕ್ಯಾರೊಟಿನನ್ನು ವರ್ಷಗಟ್ಟಲೆ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಹೊರಬಂದಾಗ, ಅದನ್ನು ಸೇವಿಸಿದವರಲ್ಲಿ ಶ್ವಾಸಕೋಶದ ಅರ್ಬುದವು ಕಡಿಮೆಯಾಗುವುದಿರಲಿ, ಶೇಕಡಾ 18ರಷ್ಟು ಹೆಚ್ಚಾಗಿತ್ತು. ಗಜ್ಜರಿ ತಿಂದವರಿಗೆ ಈ ಕೇಡಿಲ್ಲ. ಅನ್ನವಾಗಿ ಹಿತವಾದದ್ದು ಪೊಟ್ಟಣದಲ್ಲಿ ಸಾಂದ್ರವಾದಾಗ ಹಿತವಾಗಿಯೇ ಉಳಿಯುತ್ತದೆಂಬ ಭರವಸೆಯಿಲ್ಲ.

ಆದುದರಿಂದ ಆ ಹಿರಿಯರಿಗೆ ಹೇಳಬೇಕಾದುದು ಇಷ್ಟು. ತಾವರೆಯ ಬೀಜವನ್ನೂ ಗೆಡ್ಡೆಯನ್ನೂ ಮಿತವಾಗಿ, ಊಟದ ಭಾಗವಾಗಿ ತಿನ್ನಬಹುದು. ಆದರೆ ಎರಡರಲ್ಲಿಯೂ ಪಿಷ್ಟವಿರುವುದರಿಂದ ಸಕ್ಕರೆ ರೋಗವುಳ್ಳವರು ಅದನ್ನು ರೊಟ್ಟಿ ಅನ್ನಗಳ ಲೆಕ್ಕದಲ್ಲಿಯೇ ಹಿಡಿಯಬೇಕು. ಮೂತ್ರಪಿಂಡದ ತೊಂದರೆಯಿದ್ದವರು ಪೊಟ್ಯಾಸಿಯಂ ಅಧಿಕವಿರುವ ಗೆಡ್ಡೆಯನ್ನು ವೈದ್ಯರನ್ನು ಕೇಳದೆ ತಿನ್ನಬಾರದು. ಎಲೆಯ ಚಹ, ಕಹಿ ಮೊಳಕೆಯ ಪುಡಿ ಇವುಗಳಲ್ಲಿನ ಆಲ್ಕಲಾಯ್ಡ್‌ಗಳು ರಕ್ತದೊತ್ತಡ, ಹೃದಯದ ಬಡಿತಗಳ ಮೇಲೆ ಪರಿಣಾಮ ಬೀರಬಲ್ಲವಾದ್ದರಿಂದ, ಆ ರೋಗಗಳಿಗೆ ಔಷಧ ಸೇವಿಸುವವರೂ ಗರ್ಭಿಣಿಯರೂ ತಾವಾಗಿಯೇ ಅವನ್ನು ಆರಂಭಿಸಬಾರದು. ಗುಳಿಗೆಯನ್ನು ಬಿಡುವ ಮಾತಂತೂ ಬೇಡವೇ ಬೇಡ.

ಎಲೆಗೆ ಅಂಟದು, ಗೆಡ್ಡೆಗೆ ಅಂಟುವುದು

ಇನ್ನು ಈ ವಿಷಯದ ಹೃದಯಕ್ಕೆ ಬರೋಣ. ತಾವರೆಯ ಎಲೆಯ ಮೇಲಿನ ನೀರಹನಿಯು ನಿರ್ಲೇಪತ್ವಕ್ಕೆ ದೃಷ್ಟಾಂತವಾಗಿ ನಮ್ಮ ಶಾಸ್ತ್ರಗಳಲ್ಲಿಯೂ ಶರಣ ಸಾಹಿತ್ಯದಲ್ಲಿಯೂ ಮತ್ತೆ ಮತ್ತೆ ಬಂದಿದೆ. ಸಂಸಾರದಲ್ಲಿದ್ದೂ ಸಂಸಾರ ಸೋಂಕದ ಶರಣನ ನಿಲುವಿಗೆ ಇದಕ್ಕಿಂತ ಒಳ್ಳೆಯ ಹೋಲಿಕೆ ಇಲ್ಲ. ಇದರ ಕಾರಣವನ್ನು ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಬಾರ್ಥ್‌ಲಾಟ್ ಮತ್ತು ನೈನ್‌ಹ್ಯೂಸ್ ಎಂಬ ವಿದ್ವಾಂಸರು 1997ರಲ್ಲಿ ವಿವರಿಸಿದರು. ಎಲೆಯ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಗುಬುಟುಗಳಿವೆ. ಅವುಗಳ ಮೇಲೆ ಮೇಣದ ಅತಿಸೂಕ್ಷ್ಮ ಹರಳುಗಳಿವೆ. ಹನಿಯು ಈ ತುದಿಗಳ ಮೇಲೆ ಮಾತ್ರ ನಿಲ್ಲುತ್ತದೆ, ಉಳಿದೆಡೆ ಅದರ ಕೆಳಗೆ ಗಾಳಿಯಿರುತ್ತದೆ. ಎಲೆ ಕೊಂಚ ವಾಲಿದರೂ ಹನಿ ಉರುಳಿ, ಧೂಳನ್ನೂ ತನ್ನೊಡನೆ ಒಯ್ಯುತ್ತದೆ. ಪ್ರಾಚೀನರ ದೃಷ್ಟಾಂತವು ಅಕ್ಷರಶಃ ನಿಜವೆಂದು ಇದರಿಂದ ಸಿದ್ಧವಾಯಿತು.

ಆದರೆ ದೃಷ್ಟಾಂತವು ಎಲೆಯನ್ನು ಕುರಿತದ್ದು, ನಾವು ತಿನ್ನುವುದು ಗೆಡ್ಡೆಯನ್ನು. ಗೆಡ್ಡೆಗೆ ಮೇಣದ ಕವಚವಿಲ್ಲ. ಅದು ತನ್ನ ಬೇರುಗಳಿಂದ ಕೆಸರಿನಲ್ಲಿರುವುದನ್ನೆಲ್ಲ ಹೀರಿಯೇ ಬೆಳೆಯಬೇಕು. ಕೆಸರಿನಲ್ಲಿ ಸೀಸ, ಕ್ಯಾಡ್ಮಿಯಂಗಳಂತಹ ಲೋಹಗಳಿದ್ದರೆ ಅವುಗಳನ್ನೂ ಹೀರಿ ಕೂಡಿಟ್ಟುಕೊಳ್ಳುತ್ತದೆ. ಕೊಳೆನೀರನ್ನು ಶುದ್ಧಿಗೊಳಿಸಲು ತಾವರೆಯನ್ನು ಬೆಳೆಸಬಹುದೆಂದು ತಜ್ಞರು ಹೇಳುವುದು ಈ ಗುಣದಿಂದಲೇ. ನೀರನ್ನು ತೊಳೆಯುವ ಗಿಡವು ಆ ಕೊಳೆಯನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಅದನ್ನು ಉಣ್ಣುವವರಿಗೆ ಆ ಕೊಳೆಯೇ ಪಾಲಾಗುತ್ತದೆ. ಕುದಿಸಿದರೆ ರೋಗಾಣು ಸಾಯಬಹುದು, ಲೋಹ ಹೋಗುವುದಿಲ್ಲ. ಇದಲ್ಲದೆ, ಜಲಸಸ್ಯಗಳನ್ನು ಹಸಿಯಾಗಿ ಕಚ್ಚಿ ತಿನ್ನುವುದರಿಂದ ಕರುಳಿಗೆ ಚಪ್ಪಟೆಹುಳು ಸೇರುವ ರೋಗವು ಆಗ್ನೇಯ ಏಷ್ಯದಲ್ಲಿಯೂ ನಮ್ಮ ದೇಶದ ಪೂರ್ವಭಾಗದಲ್ಲಿಯೂ ಕಂಡುಬಂದಿದೆ. ಆದುದರಿಂದ ಗೆಡ್ಡೆಯನ್ನು ಸಿಪ್ಪೆ ಹೆರೆದು, ರಂಧ್ರಗಳೊಳಗಿನ ಕೆಸರು ಹೋಗುವಂತೆ ತೊಳೆದು, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ಉತ್ಕರ್ಷಣ-ನಿರೋಧಕ ಎಷ್ಟಿದೆಯೆಂದು ಕೇಳುವ ಮುನ್ನ, ಈ ತಾವರೆ ಯಾವ ಕೆರೆಯದೆಂದು ಕೇಳಬೇಕು. ತಾವರೆಯ ಗುಣವು ಕೆರೆಯ ಗುಣವೇ ಆಗಿದೆ.

ನಮ್ಮ ಸೀಮೆಯ ಕೆರೆಗಳು

ನಮ್ಮದು ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಬರಸೀಮೆ. ಇಲ್ಲಿ ತಾವರೆ ಬೆಳೆದದ್ದು ಪ್ರಕೃತಿಯ ಕೃಪೆಯಿಂದ ಮಾತ್ರವಲ್ಲ, ಹಿರಿಯರು ಕಟ್ಟಿದ ಕೆರೆ ಪುಷ್ಕರಣಿಗಳಿಂದ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಇಟಗಿಯಲ್ಲಿ ಕಟ್ಟಿಸಿದ, ‘ದೇವಾಲಯ ಚಕ್ರವರ್ತಿ’ಯೆಂದು ಶಾಸನದಲ್ಲಿ ಕೀರ್ತಿತವಾದ ಮಹಾದೇವ ದೇವಾಲಯದ ಬಳಿಯಲ್ಲಿಯೂ ಪುಷ್ಕರಣಿಯಿದೆ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ಇಟಗಿ ಈಗ ಕುಕನೂರು ತಾಲ್ಲೂಕಿನಲ್ಲಿದೆ. ದೇವರ ಗುಡಿಯ ಜೊತೆಗೆ ನೀರಿನ ಗುಡಿಯೂ ಇರಬೇಕೆಂಬುದು ಅಂದಿನವರ ವಿವೇಕ.

ಇಂದು ಆ ನೀರಿಗೆ ಬೇರೆ ಬೇರೆ ಕಡೆಯಿಂದ ಕಂಟಕ ಒದಗಿದೆ. ಗಂಗಾವತಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯಿಂದ ಬತ್ತದ ಸಮೃದ್ಧಿ ಬಂದಿತು. ಗದ್ದೆಯಿಂದ ಬಸಿದು ಬರುವ ನೀರಿನಲ್ಲಿ ಗೊಬ್ಬರ, ಕೀಟನಾಶಕಗಳೂ ಬಂದವು. ಕೊಪ್ಪಳ-ಗಿಣಿಗೇರಿಗಳ ಸುತ್ತ ಕಬ್ಬಿಣ ಉಕ್ಕಿನ ಕಾರ್ಖಾನೆಗಳು ನೆಲೆಸಿವೆ. ಹೊಗೆ ಧೂಳಿನಿಂದ ಬೇಸತ್ತ ಜನರು 2025ರ ಫೆಬ್ರವರಿಯಲ್ಲಿ ಕೊಪ್ಪಳದ ಬೀದಿಗಳಲ್ಲಿ ಸೇರಿದಾಗ ಗವಿಮಠದ ಪೂಜ್ಯರೇ ಮುಂದೆ ನಿಂತರು. ಕುಷ್ಟಗಿ, ಯಲಬುರ್ಗಾ, ಕೊಪ್ಪಳಗಳ ಅನೇಕ ಗ್ರಾಮಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿದೆ. ಮಳೆಯ ನೀರು ಕೆರೆಯಲ್ಲಿ ನಿಂತು ಇಂಗಿದರೆ ಅಂತರ್ಜಲದ ಮಟ್ಟ ಏರಿ, ಆಳದ ಫ್ಲೋರೈಡ್ ನೀರಿನ ಮೇಲಿನ ಅವಲಂಬನೆ ತಗ್ಗುತ್ತದೆ. ಹೂಳು ತುಂಬಿದ ಕೆರೆಗೆ ಈ ಉಪಕಾರ ಸಾಧ್ಯವಿಲ್ಲ.

ನಿರಾಶೆಗೆ ಮಾತ್ರ ಎಡೆಯಿಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಪೂಜ್ಯ ಶ್ರೀ ಅಭಿನವ ಗವಿಸಿದ್ಧೇಶ್ವರ ಮಹಾಸ್ವಾಮಿಗಳವರು ಹಿರೇಹಳ್ಳದ ಶುದ್ಧಿಗೆ ಮುಂದಾದಾಗ, ಊರೂರಿನ ಜನ ಸಲಿಕೆ ಬುಟ್ಟಿಗಳೊಡನೆ ಬಂದು ಹಳ್ಳಕ್ಕಿಳಿದರು. ಕುಷ್ಟಗಿಯ ನಿಡಶೇಸಿ ಕೆರೆಯ ಹೂಳನ್ನು ಆ ಭಾಗದ ನಾಗರಿಕರೇ ಕೂಡಿ ಎತ್ತಿದರು. ಯಲಬುರ್ಗಾ ತಾಲ್ಲೂಕಿನ ತಲ್ಲೂರು ಕೆರೆಯ ಹೂಳೆತ್ತುವ ಕೆಲಸವನ್ನು ಚಿತ್ರನಟ ಯಶ್ ಅವರ ಯಶೋಮಾರ್ಗ ಸಂಸ್ಥೆ 2017ರಲ್ಲಿ ಕೈಗೊಂಡಿತು. ಇವೆಲ್ಲ ಕಾಯಕ ದಾಸೋಹಗಳ ಇಂದಿನ ರೂಪಗಳೆಂದು ಹೇಳಲು ಸಂಕೋಚಪಡಬೇಕಾಗಿಲ್ಲ.

ಹೂಳೆತ್ತಿದ ಕೆರೆಯಲ್ಲಿ ತಾವರೆಯನ್ನು ಮರಳಿ ನೆಲೆಗೊಳಿಸಬಹುದು. ಗೆಡ್ಡೆಯ ತುಂಡನ್ನು ಕಣ್ಣಿಗೆ ಪೆಟ್ಟಾಗದಂತೆ ದಂಡೆಯ ಸಮೀಪ, ಒಂದೆರಡು ಅಡಿ ನೀರಿರುವಲ್ಲಿ ಕೆಸರಿನಲ್ಲಿ ನೆಟ್ಟರೆ ಹಬ್ಬುತ್ತದೆ. ಬೀಜದಿಂದ ಬೆಳೆಸುವವರು ಸಿಪ್ಪೆಯ ಒಂದು ತುದಿಯನ್ನು ಕಲ್ಲಿಗೆ ಉಜ್ಜಿ ತೆಳುವಾಗಿಸಿ ನೀರಿನಲ್ಲಿ ನೆನೆಹಾಕಬೇಕು. ಇಲ್ಲವಾದರೆ ನೀರು ಒಳಗೆ ಹೋಗದೆ ಅದು ವರ್ಷಗಟ್ಟಲೆ ಮಲಗಿರುತ್ತದೆ. ಕೆರೆಯಿಡೀ ಆವರಿಸದಂತೆ ಆಗಾಗ ತೆಗೆಯುವುದೂ ಅವಶ್ಯ. ಊಟಕ್ಕಾಗಿ ಬೇಕೆನ್ನುವವರು ಶುದ್ಧವಾದ ಮಣ್ಣು ಹಾಕಿದ ತೊಟ್ಟಿಯಲ್ಲಿ ಅಥವಾ ಕೃಷಿಹೊಂಡದಲ್ಲಿ ಬೆಳೆದುಕೊಳ್ಳುವುದು ಲೇಸು. ಕಾಶ್ಮೀರದಲ್ಲಿ ‘ನದ್ರು’ ಎಂದು ಇದರ ಪಲ್ಯ ಪ್ರಸಿದ್ಧವಾಗಿದೆ. ನಮ್ಮ ಅಡುಗೆಯಲ್ಲಿಯೂ ಬಿಲ್ಲೆಗಳಾಗಿ ಕೊಯ್ದು ಹುಣಸೆಯ ನೀರಿನಲ್ಲಿ ನೆನೆಸಿ, ಬೇಯಿಸಿ, ಗುರೆಳ್ಳು ಪುಡಿ ಹಾಕಿ ಪಲ್ಯ ಮಾಡಿದರೆ ಜೋಳದ ರೊಟ್ಟಿಗೆ ಹೊಂದುತ್ತದೆ. ಪಂಪಾಸರೋವರದಂತಹ ಪುಣ್ಯತೀರ್ಥಗಳ ತಾವರೆಯನ್ನು ಮಾತ್ರ ಗೆಡ್ಡೆಗಾಗಿ ಕೀಳುವುದು ಸಲ್ಲದು. ಬೇರು ಹೋದ ಮೇಲೆ ಹೂವೆಲ್ಲಿಯದು?

ಪದಾರ್ಥದಿಂದ ಪ್ರಸಾದಕ್ಕೆ

ವೀರಶೈವ ಧರ್ಮದಲ್ಲಿ ಪದಾರ್ಥವನ್ನು ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸುವ ಕ್ರಮವಿದೆ. ಪ್ರಸಾದವನ್ನು ಶುದ್ಧ, ಸಿದ್ಧ, ಪ್ರಸಿದ್ಧವೆಂದು ಮೂರಾಗಿ ಹೇಳುವಾಗ ‘ಶುದ್ಧ’ವೇ ಮೊದಲನೆಯದು. ಶಾಸ್ತ್ರದ ಶುದ್ಧಪ್ರಸಾದಕ್ಕೆ ಗುರುಸಂಬಂಧವಾದ ಅರ್ಥವಿರುವುದು ನಿಜ. ಆದರೂ ಅರ್ಪಿಸುವ ಪದಾರ್ಥದ ಶುದ್ಧಿಯು ನಮ್ಮ ಹೊಣೆಯೆಂಬುದನ್ನು ಅದು ನೆನಪಿಗೆ ತರದಿರದು. ಕರಸ್ಥಲದ ಲಿಂಗಕ್ಕೆ ಏರಿಸುವ ತಾವರೆಯು ಯಾವ ನೀರಿನಲ್ಲಿ ಬೆಳೆಯಿತು, ಪಾತ್ರೆಗೆ ಬಂದ ಗೆಡ್ಡೆಯು ಯಾವ ಕೆಸರನ್ನು ಹೀರಿತು ಎಂದು ವಿಚಾರಿಸುವುದು ಭಕ್ತನ ಆಚಾರದ ಹೊರಗಿನ ಸಂಗತಿಯಲ್ಲ.

ಶರಣರು ಕಾಯವನ್ನು ದೇಗುಲವಾಗಿ ಕಂಡರು. ಆ ದೇಗುಲದ ಆರೋಗ್ಯಕ್ಕೆ ತಾವರೆಯು ನೆರವಾಗುವುದಾದರೆ ಸಂತೋಷ. ಆದರೆ ಪೊಟ್ಟಣವನ್ನು ಕೊಂಡು ತಿಂದು ಕೆರೆಯನ್ನು ಮರೆತವನಿಗೆ ತಾವರೆಯಿಂದ ದೊರೆಯುವುದು ಅಲ್ಪ. ಮೊನ್ನೆ ಆ ಹಿರಿಯರು ಮತ್ತೆ ಸಿಕ್ಕಿದ್ದರು. ಗುಳಿಗೆಯನ್ನು ಬಿಟ್ಟಿಲ್ಲವೆಂದರು; ತಮ್ಮೂರ ಕೆರೆಯ ಹೂಳಿನ ಮಾತನ್ನು ತಾವೇ ಎತ್ತಿದರು. ಅವರ ಪ್ರಶ್ನೆಗೆ ಸರಿಯಾದ ಉತ್ತರದ ಉಳಿದರ್ಧ ಅದೇ ಆಗಿದೆ.